ಕಡಿಮೆ ಬಿದ್ದ ಪೆಟ್ರೋಲ್

ಕಾಲೇಜು ಹಾಸ್ಟೆಲ್
ಫೆಬ್ರವರಿ ೯, ಭಾನುವಾರ

ಪ್ರೀತಿಯ ಚಿಕ್ಕಪ್ಪನಿಗೆ,

‘ನಾವೆಲ್ಲ ಕ್ಷೇಮ’ ಅಂತ ಶುರುಮಾಡಿ ಹೊಡೆದುಹಾಕಿದೆ. ಕ್ಷೇಮ ಇಲ್ಲ. ನಾನು, ನೀನು ‘ಇಂಗ್ಲಿಷ್ ಮೇಡಂ’ ಅಂತ ರೇಗಿಸುತ್ತಿದ್ದವಳು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ ನಿನಗೆ ಗೊತ್ತಿರೋದೇ. ಪ್ರತಿ ರಜೆ ಮುಗಿದಾಗ ಬೈಕಿನಲ್ಲಿ ಕರೆತಂದು ಬಿಟ್ಟು, ಗೇಟಿನಲ್ಲಿ ವಾರ್ಡನ್‌ಗೆ “ಇವಳು ಅಳಲ್ಲ ಮೇಡಂ, ನಾನೇ ಅಳೋದು” ಅಂತಿದ್ದವನು ನೀನು. ಈಗ ನಮ್ಮ ಮನೆಯ ಯಾರ ನಂಬರ್ ಕಂಡರೂ ಕಟ್ ಮಾಡುತ್ತೀಯ. ಅದಕ್ಕೇ ಕಾಗದ. ಇದನ್ನೂ ಹರಿಯಬಹುದು, ಆದರೆ ಹರಿಯುವ ಮೊದಲು ನಾಲ್ಕು ಸಾಲಾದರೂ ಕಣ್ಣಿಗೆ ಬೀಳುತ್ತೆ.

ಮೊದಲ ಸಾಲು ಇದು: ನೀನು ಕಳ್ಳ ಅಲ್ಲ ಅಂತ ಎಲ್ಲರಿಗೂ ಗೊತ್ತಾಗಿದೆ.

ನಮ್ಮ ಪೆಟ್ರೋಲ್ ಬಂಕಿನ ನೆಲದಡಿಯ ಹಳೇ ಟ್ಯಾಂಕ್ ತುಕ್ಕು ಹಿಡಿದು ತಳ ತೂತಾಗಿತ್ತು. ಬೆಳಗ್ಗೆ ಅಪ್ಪ ಅಳತೆಯ ಡಿಪ್ ರಾಡ್ ಇಳಿಸಿ ನೋಡುವಾಗ ಪೆಟ್ರೋಲ್ ಕಡಿಮೆ ಬೀಳುತ್ತಿದ್ದದ್ದು ಅದಕ್ಕೆ. ರಾತ್ರಿ ಪಾಳಿಯಲ್ಲಿ ನೀನೊಬ್ಬನೇ ಇರುತ್ತಿದ್ದೆ ಅಂತ, ಕೆಲಸದವರ ಮುಂದೆಯೇ ಅಪ್ಪ ನಿನ್ನ ಬ್ಯಾಗ್ ಸುರಿದು, “ತಮ್ಮ ಅಂತ ಹೆಗ್ಗಣ ಸಾಕಿದೆ” ಅಂದದ್ದನ್ನು ಅಮ್ಮ ನನಗೆ ಆಗ ಹೇಳಲೇ ಇಲ್ಲ. ನಿನಗೆ ಬೇರೆ ಊರಲ್ಲಿ ಒಳ್ಳೇ ಕೆಲಸ ಸಿಕ್ಕಿತು ಅಂದಳು. ನಾನು ಕಂಗ್ರಾಟ್ಸ್ ಅಂತ ಮೆಸೇಜ್ ಕಳಿಸಿದ್ದೆ. ಅದನ್ನು ಓದಿ ನಿನಗೆ ಏನನ್ನಿಸಿತೋ.

ಹಿಂದಿನ ಮನೆಯ ಟೈಲರ್ ಆಂಟಿಯ ಬೋರ್‌ವೆಲ್ ನೀರು ನಾರತೊಡಗಿದಾಗ ವಿಷಯ ಹೊರಬಿತ್ತು. ಅವರು ಒಂದು ಬಾಟಲಿ ನೀರು ತಂದು ಅಪ್ಪನ ಟೇಬಲ್ ಮೇಲಿಟ್ಟು, “ನಿಮ್ಮ ಬಂಕು ನಮ್ಮನೆ ನಲ್ಲಿವರೆಗೂ ಬಂದಿದೆ ಸಾರ್. ಸ್ಕೂಟರ್ ಇದ್ದಿದ್ರೆ ಅಲ್ಲೇ ತುಂಬಿಸ್ಕೋತಿದ್ದೆ” ಅಂದರಂತೆ. ಅಪ್ಪನಿಗೆ ಗೊತ್ತಾದದ್ದು ಆವತ್ತೇ. ಅದಕ್ಕೂ ಮೊದಲು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು?

ಹೋದ ಶನಿವಾರ ಊರಿಗೆ ಹೋಗಿದ್ದೆ. ಪಂಪುಗಳಿದ್ದ ಜಾಗದಲ್ಲಿ ಲಾರಿ ಮುಳುಗುವಷ್ಟು ಗುಂಡಿ. ಮೇಲೆತ್ತಿದ ಟ್ಯಾಂಕ್ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಅಕ್ಕ ಅಗೆದ ಮಣ್ಣಿಗೆ ಒಂದು ಸಣ್ಣ ಮೀಟರ್ ಹಿಡಿಯುತ್ತಾರೆ; ಅದು ಪೆಟ್ರೋಲ್ ಆವಿ ಕಂಡು ಕೀ ಅಂತ ಕೂಗಿದರೆ ಆ ಮಣ್ಣು ಟಾರ್ಪಾಲ್ ಹೊದ್ದು ಲಾರಿ ಹತ್ತುತ್ತದೆ. ಮಣ್ಣು ಸುಲಭ, ಕಷ್ಟ ನೀರಿನದು ಅಂದರು. ಪೆಟ್ರೋಲ್ ಅಂತರ್ಜಲದ ಮೇಲೆ ತೇಲಿಕೊಂಡು ಟೈಲರ್ ಆಂಟಿಯ ಮನೆಯಡಿ ಹೋಗಿದೆ. ಕೊಳವೆ ಇಳಿಸಿ ನೀರನ್ನು ಮೇಲೆಳೆದು ಶುದ್ಧ ಮಾಡುತ್ತಲೇ ಇರಬೇಕು, ವರ್ಷಗಟ್ಟಲೆ. ಅಲ್ಲಿಯವರೆಗೆ ಬೀದಿಗೆಲ್ಲ ಟ್ಯಾಂಕರ್ ನೀರು. ಅಮ್ಮ ಬಿಂದಿಗೆ ಹಿಡಿದು ನಿಂತರೆ ಸಾಲಿನಲ್ಲಿರುವ ಯಾರೂ ಮಾತಾಡಿಸುವುದಿಲ್ಲ.

ಈಗ ಕಾಂಪೌಂಡ್ ಪಕ್ಕ ಅಗೆಯಬೇಕು. ಅಲ್ಲಿ ಎಲ್ಲೋ ಹಳೇ ಪೈಪ್ ಇದೆ, ಒಳಗೆ ಪೆಟ್ರೋಲ್ ಉಳಿದಿರಬಹುದು, ಯಂತ್ರ ತಗುಲಿ ಒಂದು ಕಿಡಿ ಹಾರಿದರೂ ಸಾಕು. ಅದು ಎಲ್ಲಿ ತಿರುಗುತ್ತೆ ಅಂತ ಅಕ್ಕ ಕೇಳಿದರು. ಅಪ್ಪ, “ಅದು ನನ್ನ ತಮ್ಮನಿಗೆ ಗೊತ್ತು. ನಿಂತು ಹಾಕ್ಸಿದವನು ಅವನೇ” ಅಂದರು. ಹಾಗಾದರೆ ಕರೆಸಿ ಅಂದರು ಅಕ್ಕ. ಅಪ್ಪ ಜೇಬಿನಿಂದ ಫೋನ್ ತೆಗೆದರು, ಒರೆಸಿದರು, ಮತ್ತೆ ಜೇಬಿಗಿಟ್ಟರು. “ಅವನು ಬರಲ್ಲಮ್ಮ.”

ಯಂತ್ರ ನಿಲ್ಲಿಸಿದ್ದಾರೆ. ಆ ಭಾಗವನ್ನು ಇಬ್ಬರು ಗುದ್ದಲಿಯಲ್ಲಿ ಹೆದರಿ ಹೆದರಿ ಕೆರೆಯುತ್ತಿದ್ದಾರೆ.

ಒಂದೇ ಒಂದು ದಿನ ಬಾ ಚಿಕ್ಕಪ್ಪ. ಅಪ್ಪನ ಜೊತೆ ಮಾತಾಡಬೇಡ, ಮನೆಯೊಳಗೂ ಬರಬೇಡ. ಬೆರಳು ತೋರಿಸಿ ಹೋಗು. ನಾನು ಟೆಸ್ಟ್ ಬಿಟ್ಟಾದರೂ ಬಂದು ಬಸ್ ಸ್ಟಾಪಿನಲ್ಲಿ ನಿಲ್ಲುತ್ತೇನೆ. ಓದಲು ಕೂತರೂ ಏನೂ ತಲೆಗೆ ಹೋಗುತ್ತಿಲ್ಲ, ಪ್ರಾಮಿಸ್.

ನಿನ್ನ ದಾರಿ ಕಾಯುವ,
ಅಣ್ಣನ ಮಗಳು

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅಪ್ಪನಿಗೆ ಗೊತ್ತಾದದ್ದು ಆ ಬಾಟಲಿ ಬಂದ ದಿನವೇ ಅಂತ. ಆ ಶನಿವಾರವೇ ಪಾತ್ರೆ ತೊಳೆಯುತ್ತಾ ಅಮ್ಮ ಎಲ್ಲ ಹೇಳಿದಳು. ನೀನು ಊರು ಬಿಟ್ಟ ವಾರವೇ ರಾತ್ರಿ ಪಾಳಿಗೆ ಅಪ್ಪ ತಾವೇ ಕೂತರಂತೆ. ಬೆಳಗ್ಗೆ ನೋಡಿದರೆ ಆಗಲೂ ಕಡಿಮೆ. ಹಾಗಾದರೆ ಅವನಲ್ಲ ಅಲ್ವಾ ಅಂತ ಅಮ್ಮ ಕೇಳಿದ್ದಕ್ಕೆ, “ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ? ಸುಮ್ನಿರು” ಅಂದರಂತೆ. ಟ್ಯಾಂಕ್ ಪರೀಕ್ಷೆ ಮಾಡಿಸಿದರೆ ನಿನ್ನ ತಪ್ಪಿಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು. ಅದಕ್ಕೇ ಮಾಡಿಸಲಿಲ್ಲ. ಅಮ್ಮನೂ ಸುಮ್ಮನಿದ್ದಳು. ಒಂದು ಮಳೆಗಾಲ ಪೂರ್ತಿ ಪೆಟ್ರೋಲ್ ನೆಲಕ್ಕೆ ಇಳಿಯಿತು, ಟೈಲರ್ ಆಂಟಿಯ ಮಕ್ಕಳು ಅದೇ ನೀರು ಕುಡಿದರು. ಆಂಟಿಗೆ ಇದು ಇನ್ನೂ ಗೊತ್ತಿಲ್ಲ. ಇದನ್ನು ಮುಚ್ಚಿಟ್ಟು ನಿನ್ನನ್ನು ಕರೆಯಲು ನನ್ನಿಂದ ಆಗಲಿಲ್ಲ. ಇದನ್ನು ಓದಿದ ಮೇಲೆ ನೀನು ಬರುವುದಿಲ್ಲ ಅಂತಲೂ ಗೊತ್ತು. ಬರಬೇಡ. ಪೈಪ್ ಎಲ್ಲಿ ತಿರುಗುತ್ತೆ ಅಂತಷ್ಟೇ ಒಂದು ಚೂರು ಕಾಗದದಲ್ಲಿ ಗೀಚಿ ಕಳಿಸು. ಅಗೆಯುತ್ತಿರುವವರು ನಮ್ಮ ಮನೆಯವರಲ್ಲ.