ಮನೆಯ ಮೂರು ಓಟು

ಜನವರಿ 12, ಸೋಮವಾರ

ಸಂಕ್ರಾಂತಿ ಎದುರಿಗಿದೆ. ಚೌಕಿಪೇಟೆಯಲ್ಲಿ ಜನ ಪರವಾಗಿಲ್ಲ. ಇಳಕಲ್ ಸೀರೆ ಹೋಗುತ್ತಿವೆ, ಪಂಚೆ ಅಷ್ಟಕ್ಕಷ್ಟೆ. ಮಧ್ಯಾಹ್ನ ಅಂಗಡಿಗೆ ಗಿರೀಶ ಬಂದ. ಪಾಲಿಕೆ ಎಲೆಕ್ಷನ್‌ಗೆ ನಮ್ಮ ವಾರ್ಡಿನಿಂದ ಪಕ್ಷದ ಟಿಕೆಟ್ ಅವನಿಗೇ ಅಂತ ಗಟ್ಟಿಯಾಗಿದೆ. ಮುಖ ನೋಡಿದರೆ ಮದುವೆ ಗಂಡು.

“ನಾಮಿನೇಷನ್‌ಗೆ ಸೂಚಕ ನೀನೇ ಆಗ್ಬೇಕಲೇ ಪ್ರಶಾಂತ.”

“ಆಗ್ತೀನಿ ಬಿಡು.”

ಯೋಚಿಸುವುದೇನಿದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅವನು ಮಾಯಕೊಂಡದಿಂದ ಬಸ್ಸಿನಲ್ಲಿ ಬರುತ್ತಿದ್ದ, ನನ್ನ ಊಟದ ಡಬ್ಬಿಯಲ್ಲಿ ಅರ್ಧ ಅವನದೇ. ಮೇಲಾಗಿ ನಮ್ಮ ಮನೆಯ ಓಟು ಮೊದಲಿನಿಂದಲೂ ಆ ಗುರುತಿಗೇ. ಅಪ್ಪಾಜಿ ಹೇಳುತ್ತಾರೆ, ನಾನೂ ಹೆಂಡತಿ ವಾಣಿಯೂ ಹಾಕುತ್ತೇವೆ. ಮಗಳಿಗೆ ಇನ್ನೂ ವಯಸ್ಸಾಗಿಲ್ಲ, ಧಾರವಾಡದ ಹಾಸ್ಟೆಲ್‌ನಲ್ಲಿದ್ದಾಳೆ.

ರಾತ್ರಿ ವಾಣಿಗೆ ಹೇಳಿದೆ. “ಒಳ್ಳೇದಾಯ್ತು” ಅಂದಳು. ಅಪ್ಪಾಜಿ ಮಾತ್ರ ಖುಷಿಗೆ ಎರಡು ಸಲ ಮಜ್ಜಿಗೆ ಹಾಕಿಸಿಕೊಂಡರು.

ಜನವರಿ 17, ಶನಿವಾರ

ಹರಿಹರದಿಂದ ಫೋನು. ಅತ್ತೆ — ಸರ್ವಮಂಗಳಮ್ಮ — ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಸೊಂಟದ ಹತ್ತಿರ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು. ಆಸ್ಪತ್ರೆಯಲ್ಲಿ ಜೊತೆಗಿರಲು ವಾಣಿಯೇ ಹೋಗಬೇಕು, ಅವಳು ಒಬ್ಬಳೇ ಮಗಳು. ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡಳು. ಬಸ್ ಹತ್ತಿಸಲು ಹೋದೆ. ಅಳುತ್ತಾಳೇನೋ ಅಂದುಕೊಂಡಿದ್ದೆ. ಕಿಟಕಿಯಿಂದ ಹೇಳಿದ್ದು ಮಾತ್ರ ಬೇರೆ.

“ನಲ್ಲಿಯ ಹೊಳೆ ನೀರು ತಪ್ಪದೆ ಹಿಡೀರಿ. ಅಪ್ಪಾಜಿಗೆ ಬೋರಿನ ನೀರು ಕೊಡಬ್ಯಾಡ್ರಿ.”

“ಎಷ್ಟೊತ್ತಿಗೆ ಬರ್ತೈತೆ?”

“ಬಂದಾಗ.”

ತಮಾಷೆ ಅಂದುಕೊಂಡೆ.

ಜನವರಿ 20, ಮಂಗಳವಾರ

ತಮಾಷೆ ಅಲ್ಲ.

ಭಾನುವಾರ ನೀರು ಬರಲಿಲ್ಲ. ಸೋಮವಾರ ಬೆಳಿಗ್ಗೆ ಕಾದೆ, ಇಲ್ಲ. ಅಂಗಡಿಗೆ ಹೋದೆ — ಮಧ್ಯಾಹ್ನ ಬಂದು ಹೋಗಿದೆ. ಅಪ್ಪಾಜಿ ಮಲಗಿದ್ದರು. ಇವತ್ತು ಮನೆಯಲ್ಲಿ ಕುಡಿಯಲು ತಳದಲ್ಲಿ ಒಂದಿಷ್ಟು. ಕ್ಯಾನ್ ನೀರು ತರಿಸಿದೆ. ಅಪ್ಪಾಜಿ ಮುಟ್ಟಲಿಲ್ಲ. ಲಿಂಗಪೂಜೆಗೆ ಹೊಳೆ ನೀರೇ ಆಗಬೇಕು.

“ವಾಣಿ ಇದ್ದಾಗ ಒಂದಿನಾನೂ ಹಿಂಗಾಗಿಲ್ಲ” ಅಂದರು. ನನ್ನನ್ನಲ್ಲ, ಗೋಡೆಯನ್ನು ನೋಡಿ.

ನಮ್ಮದು ಲೈನಿನ ಕೊನೆಯ ಮನೆ. ನೀರು ಬಂದರೂ ಗೇಟಿನ ಪಕ್ಕದ ಗುಂಡಿಯ ನಲ್ಲಿಗೆ ಮಾತ್ರ, ಸಂಪ್ ತೊಟ್ಟಿಯ ತನಕ ಏರುವುದಿಲ್ಲ. ಬಗ್ಗಿ ಕೊಡ ತುಂಬಬೇಕು, ಎತ್ತಿ ಒಳಗೆ ತರಬೇಕು. ಈ ಮನೆಯಲ್ಲಿ ಇಷ್ಟು ವರ್ಷ ಬಾಳಿ ಇದು ಇವತ್ತು ಗೊತ್ತಾಯಿತು.

ನಾಮಿನೇಷನ್‌ಗೆ ಸಹಿ ಹಾಕಿ ಬಂದೆ. ಗಿರೀಶ ಹಾರ ಹಾಕಿಸಿಕೊಂಡು ಫೋಟೊ ತೆಗೆಸಿಕೊಂಡ. ನಾನೂ ಪಕ್ಕದಲ್ಲಿ ನಿಂತೆ. ನಿದ್ದೆಗಣ್ಣು.

ಜನವರಿ 22, ಗುರುವಾರ

ಬೆಳಿಗ್ಗೆ ಗೇಟು ಬಡಿದ ಸದ್ದು. ಹಿಂದಿನ ಓಣಿಯ ಖತೀಜಾಬೀ.

“ಅಣ್ಣಾರೆ, ನೀರು ಬಂದೈತೆ. ನಿಮ್ಮ ನಲ್ಲಿಗೆ ಬರೋದು ಇನ್ನೂ ಲೇಟು. ಕೊಡ ತಗೊಂಡು ನಮ್ಮನೆ ಹತ್ರ ಬರ್ರಿ.”

ಹೋದೆ. ಎಲ್ಲ ಹೆಂಗಸರೇ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು. ಅಂಗಡಿಯಲ್ಲಿ ಇವರಿಗೇ ಸೀರೆ ಬಿಡಿಸಿ ಬಿಡಿಸಿ ತೋರಿಸಿದ್ದೇನೆ, ಇಲ್ಲಿ ಕೊಡ ಹಿಡಿಯುವ ಬಗೆ ತಿಳಿಯಲಿಲ್ಲ. ಸರದಿಯಲ್ಲಿ ಮುಂದೆ ನಿಂತಿದ್ದವಳು ಆಶಾರಾಣಿ — ಮನೆಯಲ್ಲೇ ರವಿಕೆ ಹೊಲಿಯುವಾಕೆ. ಗಿರೀಶನ ಎದುರು ಪಕ್ಷೇತರಳಾಗಿ ನಿಂತಿರುವುದು ಇವಳೇ. ನಮ್ಮ ಕಡೆಯವರು ನಕ್ಕಿದ್ದರು, ನಾನೂ ನಕ್ಕಿದ್ದೆ.

“ನೀವು ಗಿರೀಶಣ್ಣನ ಕಡೇರು ಅಂತ ಗೊತ್ತು ಸಾವ್ಕಾರ್ರೆ. ಅದಕ್ಕೇನಂತೆ, ಕೊಡ ಇಡ್ರಿ. ಸರದಿ ನಿಮ್ದು.”

ಸುಮ್ಮನಿರಲಾರದೆ ಕೇಳಿದೆ. “ಗೆದ್ರೆ ನೀರು ಜಾಸ್ತಿ ಬಿಡಿಸ್ತೀರೇನು?”

“ಜಾಸ್ತಿ ನಾನೆಲ್ಲಿಂದ ತರ್ಲಿ? ಹೊಳೇಲಿ ಇದ್ದಷ್ಟು. ಇಂಥ ದಿನ, ಇಂಥ ಹೊತ್ತು ಅಂತ ಗೊತ್ತಾದ್ರೆ ಸಾಕು ನಮಗೆ. ಕಾಯೋದು ತಪ್ತೈತೆ. ಇದನ್ನೇ ಕೇಳ್ಕೊಂಡು ಪಾಲಿಕೆಗೆ ಒಂದು ವರ್ಷ ಓಡಾಡಿದ್ವಿ. ನಿಮ್ಮನೇರೂ ಬಂದಿದ್ರು ಎರಡು ಸಲ.”

ವಾಣಿ? ನನಗೆ ಗೊತ್ತಿಲ್ಲ.

ಖತೀಜಾಬೀ ಕೊಡ ಎತ್ತಿ ನನ್ನ ಹೆಗಲಿಗೆ ಕೊಡುತ್ತಾ — “ವಾಣಕ್ಕ ವಚನ ಹಾಡೋ ಕ್ಲಾಸು ಬಿಟ್ರಲ್ಲ, ಯಾಕ ಅಂತ ಮಾಡೀರಿ?”

“ಗಂಟಲು ಸರಿ ಇಲ್ಲ ಅಂದಿದ್ಲು.”

“ಗಂಟಲು ಚೆನ್ನಾಗೈತೆ ಅಣ್ಣಾರೆ. ಕ್ಲಾಸಿನ ನಡುವೇನೇ ನೀರು ಬಂದುಬಿಡ್ತಿತ್ತು. ಎಷ್ಟು ಸಲ ಅಂತ ಅರ್ಧಕ್ಕೆ ಎದ್ದು ಬರ್ತಾರೆ?”

ಅಂಗಿ ಪೂರ್ತಿ ಒದ್ದೆ. ಸೊಂಟ ಹಿಡಿದಿದೆ. ಅಪ್ಪಾಜಿ ಪೂಜೆಗೆ ಕೂತರು, ಗಂಟೆಯ ಸದ್ದು ಕೇಳಿ ಒಂಥರಾ ಹಿತವಾಯಿತು. ದೊಡ್ಡ ಕೆಲಸ ಮಾಡಿದ ಹಾಗೆ.

ಜನವರಿ 24, ಶನಿವಾರ

ಅತ್ತೆಗೆ ಆಪರೇಷನ್ ಆಯಿತು. ಸಂಜೆ ಹರಿಹರಕ್ಕೆ ಹೋಗಿ ನೋಡಿ ಬಂದೆ. ಎಚ್ಚರವಾಗಿ ಮೊದಲು ಕೇಳಿದ್ದು “ಊಟ ಆತೇನಪ್ಪ?” ವಾಣಿಗೆ ಕಣ್ಣ ಕೆಳಗೆ ಕಪ್ಪು, ಆದರೂ ನಗುತ್ತಿದ್ದಳು. ನನ್ನ ಕೈ ಹಿಡಿದು ನೋಡಿದಳು. ಬೊಬ್ಬೆ.

“ನೀರು ಹಿಡಿದ್ರಾ?”

“ಹಿಡಿದೆ.”

ಕ್ಲಾಸಿನ ವಿಷಯ ಕೇಳಬೇಕೆಂದಿದ್ದೆ. ಆಸ್ಪತ್ರೆಯ ವಾರ್ಡಿನಲ್ಲಿ ಮಂದಿ. ಕೇಳಲಿಲ್ಲ.

ಜನವರಿ 31, ಶನಿವಾರ

ಒಂದು ವಾರ ಬರೆಯಲಿಲ್ಲ. ಬೆಳಿಗ್ಗೆ ಕಾಯುವುದು, ಹಿಡಿಯುವುದು, ಖಾನಾವಳಿಯಿಂದ ರೊಟ್ಟಿ ತರುವುದು, ಅಂಗಡಿ, ಸಂಜೆ ಗಿರೀಶನ ಜೊತೆ ಮನೆಮನೆ ಸುತ್ತುವುದು. ಅಂಗಡಿ ಬಾಗಿಲು ಈಗ ಕೆಲಸದ ಹುಡುಗ ನಿಂಗರಾಜ್ ತೆಗೆಯುತ್ತಾನೆ. ನಂಬಿಕಸ್ಥ.

ಸುತ್ತುವಾಗ ನನ್ನ ಕಣ್ಣು ಬೇರೆ ಕಡೆ ಹೋಗುತ್ತಿದೆ. ಪ್ರತಿ ಮನೆಯಲ್ಲೂ ನಲ್ಲಿ ಎಲ್ಲಿದೆ, ಕೊಡ ಎಷ್ಟಿವೆ, ಯಾರು ಕಾಯುತ್ತಾರೆ. ಗಿರೀಶ ಗಂಡಸರಿಗೆ ಕೈ ಮುಗಿಯುತ್ತಾನೆ. ಹೆಂಗಸರು ಬಾಗಿಲ ಹಿಂದೆ ನಿಂತು ಕೇಳುತ್ತಾರೆ.

ಫೆಬ್ರವರಿ 1, ಭಾನುವಾರ

ಅಂಗಡಿ ರಜಾ. ಅಪ್ಪಾಜಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದೆ. ಬಿಸಿಲಿಗೆ ಕೂತಿದ್ದಾಗ ಕೇಳಿದೆ — ಹುಟ್ಟಿದಾಗಿನಿಂದ ಕೇಳದ ಪ್ರಶ್ನೆ.

“ಅಪ್ಪಾಜಿ, ನಾವು ಆ ಗುರುತಿಗೇ ಯಾಕ ಹಾಕ್ತೀವಿ?”

ಬೈಯುತ್ತಾರೆ ಅಂದುಕೊಂಡೆ. ಪಂಚೆ ಸರಿಮಾಡಿಕೊಂಡು ಹೇಳಿದರು.

“ನೀನು ತೊಟ್ಟಿಲಲ್ಲಿದ್ದೆ. ಅಂಗಡಿಗೆ ಬೆಂಕಿ ಬಿತ್ತು. ಪ್ಯಾಟೆ ಮಂದಿ ನಿಂತು ನೋಡಿದ್ರು. ರೇವಣ್ಣ ಅಂತ ಒಬ್ಬ ಇದ್ದ, ಆ ಪಕ್ಷದ ಬಾವುಟ ಕಟ್ಕೊಂಡು ತಿರುಗೋನು. ಅವನೊಬ್ಬ ಒಳಗೆ ನುಗ್ಗಿ ಬಟ್ಟೆ ಗಂಟು ಎಳೆದು ಹಾಕಿದ. ತೋಳು ಸುಟ್ಕೊಂಡ. ನಾನು ದುಡ್ಡು ಕೊಡಕ್ಕೆ ಹೋದೆ, ಮುಟ್ಟಲಿಲ್ಲ. ‘ಓಟು ಹಾಕ್ರಿ ಸಾಕು’ ಅಂದ.”

“ಅಷ್ಟೇನಾ?”

“ಅಷ್ಟೇ. ಇನ್ನೇನು ಬೇಕು?”

ರೇವಣ್ಣ ತೀರಿಕೊಂಡು ಎಷ್ಟೋ ವರ್ಷ ಆಗಿದೆಯಂತೆ. ನಾನು ಇಷ್ಟು ದಿನ ಸಿದ್ಧಾಂತ ಅಂದುಕೊಂಡಿದ್ದೆ. ಜಾತಿ ಅಂದುಕೊಂಡಿದ್ದೆ. ನೋಡಿದರೆ ಒಬ್ಬ ಮನುಷ್ಯನ ಸುಟ್ಟ ತೋಳು.

ಅವರದು ಅವರಿಗೆ ಸರಿ. ಆದರೆ ಆ ಬೆಂಕಿ ನಾನು ನೋಡಿಲ್ಲ. ನಾನು ನೋಡಿದ್ದು ಗುಂಡಿಯ ನಲ್ಲಿ…

ಫೆಬ್ರವರಿ 3, ಮಂಗಳವಾರ

ಹೇಳಿಬಿಟ್ಟೆ.

ಗಿರೀಶ ಕರಪತ್ರದ ಕಟ್ಟು ಹಿಡಿದು ಅಂಗಡಿಗೆ ಬಂದಿದ್ದ. ಬಣ್ಣಬಣ್ಣದ ಕಾಗದ. ಸ್ವಾಗತ ಕಮಾನು, ಹೈಮಾಸ್ಟ್ ದೀಪ, ಪಾರ್ಕಿನಲ್ಲಿ ಜಿಮ್.

“ನೀರಿನದು ಒಂದು ಸಾಲೂ ಇಲ್ಲಲ್ಲೋ.”

“ನೀರು ಬರ್ತೈತಲ್ಲ.”

“ನಿಮ್ಮನೇಲಿ ಯಾರು ಹಿಡೀತಾರೆ?”

ತಲೆ ಕೆರೆದುಕೊಂಡ. “ಯಾರೋ ಹಿಡೀತಾರಪ್ಪ.”

ಹೋದ ತಿಂಗಳು ಕೇಳಿದ್ದರೆ ನನ್ನ ಉತ್ತರವೂ ಇದೇ. ಅದಕ್ಕೇ ಸಿಟ್ಟು ಬರಲಿಲ್ಲ. ಕಾಫಿ ತರಿಸಿದೆ. ಕೂರಿಸಿದೆ. ನಿಂಗರಾಜನನ್ನು ಗೋದಾಮಿಗೆ ಕಳಿಸಿದೆ.

“ಗಿರೀಶ, ಈ ಸಲ ನನ್ನ ಓಟು ಆಶಾರಾಣಿಗೆ ಹಾಕ್ತೀನಿ. ಬೇರೇರಿಂದ ತಿಳಿಯೋದು ಬ್ಯಾಡ ಅಂತ ನಾನೇ ಹೇಳ್ತಿದ್ದೀನಿ.”

ನಕ್ಕ. ನಾನು ನಗಲಿಲ್ಲ. ಅವನ ನಗು ನಿಧಾನಕ್ಕೆ ಇಳಿಯಿತು.

“ಸಹಿ ಹಾಕೀಯಲ್ಲೋ ನನಗೆ.”

“ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನೀನು ಒಳ್ಳೇನೇ. ಆದ್ರೆ ನೀನು ಕೊಡ ಹೊತ್ತಿಲ್ಲ. ನಾನು ಈಗ ಹೊತ್ತೀನಿ.”

ಕರಪತ್ರ ಒಂದನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

“ನಿನ್ನ ಡಬ್ಬಿ ಅನ್ನ ಉಂಡೋನು ನಾನು. ಬಯ್ಯಕ್ಕೆ ಬಾಯಿ ಬರ್ತಿಲ್ಲ ನೋಡು.”

ಎದ್ದು ಹೋದ. ಕಾಫಿ ಹಾಗೇ ಇತ್ತು.

ಮಧ್ಯಾಹ್ನ ವ್ಯಾಪಾರದಲ್ಲಿ ಮನಸ್ಸಿರಲಿಲ್ಲ. ಗಿರಾಕಿ ಹಸಿರು ಕೇಳಿದರೆ ನೀಲಿ ತೋರಿಸಿದೆ.

ಫೆಬ್ರವರಿ 5, ಗುರುವಾರ

ವಾಣಿ ಬಂದಳು. ಅತ್ತೆಯನ್ನೂ ಕರೆತಂದಳು, ಓಡಾಡುವ ತನಕ ಇಲ್ಲೇ. ಮನೆ ತುಂಬಿದ ಹಾಗಾಯಿತು. ಅಡುಗೆಮನೆಯಲ್ಲಿ ಕೊಡಗಳನ್ನು ಸಾಲಾಗಿ ತುಂಬಿಟ್ಟಿದ್ದೆ. ನೋಡಿ ನಿಂತಳು. ಒಂದರಲ್ಲಿ ಕೈ ಅದ್ದಿದಳು.

“ಇನ್ಮೇಲೆ ನೀರು ನಾನು ಹಿಡೀತೀನಿ. ನೀನು ಕ್ಲಾಸಿಗೆ ಹೋಗು.”

“ಯಾರು ಹೇಳಿದ್ರು ನಿಮಗೆ?”

“ಗಂಟಲು ಹೆಂಗೈತೆ ಈಗ?”

ಸೆರಗಿನಿಂದ ಮುಖ ಒರೆಸಿಕೊಂಡು ಒಲೆ ಹಚ್ಚಿದಳು. ಸಂಜೆ ಮಂಡಕ್ಕಿ ಒಗ್ಗರಣೆ ಮಾಡಿದಳು. ಅತ್ತೆಯ ಮಂಚದ ಮೇಲೆ ದೊಡ್ಡ ಪರಾತ ಇಟ್ಟು ಅತ್ತೆ, ಅಪ್ಪಾಜಿ, ನಾವಿಬ್ಬರು — ಅದರ ಸುತ್ತ ಕೂತು ತಿಂದೆವು. ಗಿರೀಶನಿಗೆ ಹೇಳಿದ್ದನ್ನು ಅವಳಿಗೆ ಹೇಳಲಿಲ್ಲ. ಎಲೆಕ್ಷನ್ ಮುಗಿಯಲಿ, ಆಮೇಲೆ ಹೇಳಿದರೆ ಎಷ್ಟು ಖುಷಿಪಡುತ್ತಾಳೆ ಅಂತ ಒಂದು ಲೆಕ್ಕಾಚಾರ.

ಫೆಬ್ರವರಿ 8, ಭಾನುವಾರ

ಓಟು ಹಾಕಿ ಬಂದೆವು. ಆಟೊದಲ್ಲಿ ಅಪ್ಪಾಜಿ ಬಿಳಿ ಪಂಚೆ, ವಿಭೂತಿ. ಶಾಲೆಯ ಗೇಟಿನಾಚೆ ಗಿರೀಶನ ಟೇಬಲ್ಲು. ನನ್ನನ್ನು ನೋಡಿ ಮುಖ ತಿರುಗಿಸಿದ. ಆದರೆ ಅಪ್ಪಾಜಿ ಆಟೊ ಇಳಿಯಲು ಒದ್ದಾಡುವುದು ಕಂಡು ಓಡಿ ಬಂದು ತೋಳು ಹಿಡಿದ. “ನಿಧಾನ, ಅಪ್ಪಾಜಿ.” ಅವನೂ ಅವರನ್ನು ಹಾಗೇ ಕರೆಯುವುದು. ನನ್ನ ಕಡೆ ಒಮ್ಮೆ ನೋಡಿದ. ಟೇಬಲ್ಲಿಗೆ ಮರಳಿದ.

ಒಳಗೆ ಹೋದಾಗ ಕೈ ಒಂದು ಗಳಿಗೆ ತಡೆಯಿತು. ಬೆಂಚು ನೆನಪಾಯಿತು. ಖತೀಜಾಬೀ ಗೇಟು ಬಡಿದದ್ದೂ ನೆನಪಾಯಿತು. ಆಶಾರಾಣಿಗೇ ಹಾಕಿದೆ. ಹೊರಗೆ ಬಂದಾಗ ಭಾರವೂ ಇಲ್ಲ, ಹಗುರವೂ ಇಲ್ಲ. ನನ್ನ ಓಟು ಮೊದಲ ಸಲ ನಾನೇ ಹಾಕಿದ್ದೆ.

ಫೆಬ್ರವರಿ 11, ಬುಧವಾರ, ರಾತ್ರಿ ಊಟದ ನಂತರ

ಆಶಾರಾಣಿ ಗೆದ್ದಳು. ತೀರಾ ಕಡಿಮೆ ಅಂತರ. ಓಣಿಯಲ್ಲಿ ಪಟಾಕಿ ಇಲ್ಲ, ಹೆಂಗಸರು ಸಕ್ಕರೆ ಹಂಚಿದರು. ನನ್ನ ಕೈಗೂ ಬಿತ್ತು. ಬಾಯಿಗೆ ಹಾಕಿಕೊಂಡೆ, ಆದರೆ ಗಿರೀಶನ ಮನೆಯಲ್ಲಿ ಈಗ ಹೇಗಿರಬಹುದೋ ಅಂತ ಒಳಗೆ ಕೊರೆಯಿತು. ಫೋನ್ ಮಾಡಲು ಧೈರ್ಯ ಬರಲಿಲ್ಲ.

ಏಳೂವರೆಗೆ ಅವನೇ ಬಂದ. ಬೈಕಿನಲ್ಲಿ, ಒಬ್ಬನೇ. ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ.

“ತಂಗಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ರೊಟ್ಟಿ ಐತೇನು?”

ವಾಣಿ ಮಣೆ ಹಾಕಿದಳು. ನಾನೂ ಪಕ್ಕ ಕೂತೆ. ಎರಡು ರೊಟ್ಟಿ ಗಬಗಬ ತಿಂದ. ಆಮೇಲೆ ಅವನೇ —

“ಈ ಮನೇಲಿ ಅಪ್ಪಾಜಿದೊಂದೇ ನನಗೆ ಬಿದ್ದಿದ್ದು. ಅಲ್ವೇನಲೇ?”

ನಾನು ತಲೆ ತಗ್ಗಿಸಿದೆ. ವಾಣಿ ಬೆಣ್ಣೆ ಹಾಕುತ್ತಾ, “ಒಂದೆಲ್ಲಿ ಗಿರೀಶಣ್ಣ? ನಂದೂ ನಿಮಗೇ ಹಾಕೀನಿ.”

ನನ್ನ ಕೈಯ ತುತ್ತು ಕೈಯಲ್ಲೇ. “ನೀನು ಆಶಾರಾಣಿಗಲ್ವಾ? ನಿನಗೋಸ್ಕರ ಅಂತ ನಾನು…”

“ನನ್ನ ಕೇಳಿದ್ರಾ?”

ಕೇಳಿರಲಿಲ್ಲ.

ಆಗ ಹೇಳಿದಳು. ಅತ್ತೆಯ ಆಪರೇಷನ್ ದಿನ ಬೆಳಿಗ್ಗೆ ರಕ್ತ ಸಾಲದೆ ಹೋಯಿತಂತೆ. ಗಿರೀಶ ಹರಿಹರದಲ್ಲಿ ಯಾವುದೋ ಮದುವೆಗೆ ಬಂದಿದ್ದ, ಅವಳಿಗೆ ಗೊತ್ತಿತ್ತು, ಫೋನ್ ಮಾಡಿದಳು. ತಿಂಡಿಯ ಪಂಕ್ತಿಯಿಂದ ಎದ್ದು ಬಂದ. ತಾನೂ ಕೊಟ್ಟ, ಜೊತೆಗಿದ್ದವರಿಂದಲೂ ಕೊಡಿಸಿದ. ಅತ್ತೆಯನ್ನು ಒಳಗೆ ಕರೆದೊಯ್ಯುವ ತನಕ ಬಾಗಿಲಲ್ಲಿ ನಿಂತಿದ್ದ.

“ಪ್ರಶಾಂತನಿಗೂ ಹೇಳಬ್ಯಾಡ, ಎಲೆಕ್ಷನ್ ಟೈಮು, ಓಟಿಗೋಸ್ಕರ ಕೊಟ್ಟ ಅಂತಾರೆ — ಅಂತ ಗಿರೀಶಣ್ಣ ನನ್ನ ಬಾಯಿ ಕಟ್ಟಿಹಾಕಿದ್ರು.”

ಗಿರೀಶ ತಟ್ಟೆ ನೋಡುತ್ತಾ ಕೂತಿದ್ದ. ಕಿವಿ ಕೆಂಪಗಾಗಿತ್ತು. ಅಂಗಡಿಯಲ್ಲಿ ನಾನು ಅಷ್ಟೆಲ್ಲ ಹೇಳಿದಾಗಲೂ ಈ ಒಂದು ಮಾತು ತೆಗೆದಿರಲಿಲ್ಲ ಅವನು. ತೆಗೆದಿದ್ದರೆ ನನ್ನ ಕೈ ಬೇರೆ ಕಡೆ ಹೋಗುತ್ತಿತ್ತೋ ಏನೋ. ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ.

ಕಡೆಗೆ ಕೇಳಿದೆ. “ಅಲ್ಲ ವಾಣಿ, ಮತ್ತೆ ನೀರು?”

ಇನ್ನೊಂದು ರೊಟ್ಟಿ ನನ್ನ ತಟ್ಟೆಗೆ ಹಾಕಿದಳು.

“ನೀರು ಈಗ ನೀವು ಹಿಡೀತೀರಲ್ಲ.”

ಗಿರೀಶ ಮೊದಲು ನಕ್ಕ. ಆಮೇಲೆ ಒಳಗಿನ ಕೋಣೆಯಿಂದ ಅತ್ತೆ. ಅಪ್ಪಾಜಿಗೆ ಕೇಳಿಸಿತೋ ಇಲ್ಲವೋ, ಅವರೂ ನಕ್ಕರು.

ಅವನಿನ್ನೂ ಹೋಗಿಲ್ಲ. ಹೊರಗೆ ಕೂತು ಎಲೆ ಅಡಿಕೆ ಹಾಕುತ್ತಿದ್ದಾನೆ, ಏನು ಬರೀತಿದ್ದೀಯಲೇ ಬಾರಲೇ ಇಲ್ಲಿ ಅಂತ ಕೂಗುತ್ತಿದ್ದಾನೆ. ಹೋಗಿ ಅವನಿಗೆ, ಅತ್ತೆಗೆ ರಕ್ತ ಕೊಟ್ಟಿದ್ದಕ್ಕೆ, ಒಂದು ಮಾತು ಹೇಳಬೇಕು.