ದೊಡ್ಡ ನೆರಳಿನಲ್ಲಿ ಚೆಲ್ಲಿದ ಚರಗ

ಶಾಲಿವಾಹನ ಶಕ ೨೧೧೨, ವಿಕೃತಿ ಸಂವತ್ಸರ, ಪುಷ್ಯ ಮಾಸ, ಸೋಮವಾರ
ಡೋಣಿ ದಂಡೆ

ಹಿರಿಯಳಾದ ಸುವರ್ಣವ್ವನಿಗೆ, ನಿನ್ನಿಂದ ಏಳನೆಯ ತಲೆಯವಳಾದ ನಿಂಬೆವ್ವ ಮಾಡುವ ಶರಣು.

ಇಂದು ಸೋಮವಾರ, ನನಗೆ ಒಪ್ಪತ್ತು. ನಸುಕಿನಲ್ಲೆದ್ದು ಮಾಳಿಗೆಯ ಮೇಲಿನ ಮಂಜುಬಟ್ಟೆ ಹಿಂಡಿದೆ. ರಾತ್ರಿ ಹಾಸಿಟ್ಟ ಅರಿವೆಯಲ್ಲಿ ಇಬ್ಬನಿ ಕೂಡುತ್ತದೆ. ಚಳಿಗಾಲದಲ್ಲಿ ನಮ್ಮ ಕುಡಿಯುವ ನೀರು ಅದೇ. ಹಿಂಡಿದ ನೀರಿನಲ್ಲಿ ಮೊದಲ ಗಿಂಡಿ ಲಿಂಗಕ್ಕೆ, ಎರಡನೆಯದು ಮೊಮ್ಮಗಳಿಗೆ. ಕಸ ಗುಡಿಸಿ, ವಿಭೂತಿ ಧರಿಸಿ, ಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸು. ನಾನು ಊರ ಸಾಲೆಯಲ್ಲಿ ಕಲಿತಷ್ಟೇ ಕಲಿತವಳು. ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಪ್ರತಿ ಪುಷ್ಯದಲ್ಲಿ, ಸತ್ತ ಹಿರಿಯರಿಗೆ ಒಂದು ಓಲೆ ಬರೆದು ಮಠಕ್ಕೆ ಕೊಡುತ್ತೇವೆ, ಅಲ್ಲಿ ಸಂಜೆ ಎಲ್ಲರೆದುರು ಓದುತ್ತಾರೆ. ಉಳಿದವರು ಹಿರಿಯರ ಹರಕೆ ಬೇಡಿ ಬರೆಯುತ್ತಾರೆ. ನನಗೆ ಬೇಡುವ ಮನಸ್ಸಿಲ್ಲ. ನಿನಗೆ ಹೇಳುವುದಿದೆ.

ನಿನ್ನ ಫೋಟೋ ನಮ್ಮ ದೇವರ ಜಗಲಿಯಲ್ಲಿದೆ. ಚಳಿಗಾಲದ ರಜೆಯಲ್ಲಿ ನೀನು ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಹೋದಾಗ ತೆಗೆಸಿದ್ದು. ಮಗುವಿನ ತಲೆಗೆ ಉಣ್ಣೆಯ ಟೊಪ್ಪಿಗೆ, ಕೈಯಲ್ಲಿ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ. ಹಿಂದೆ ಗೋಡೆಯಂತೆ ಬೇರೆದ್ದ ಬೂರುಗದ ಮರ. ನೀನು ಅದಕ್ಕೆ ಬೆನ್ನು ಮಾಡಿ ನಗುತ್ತಿದ್ದೀ. ಊರಿಗೆ ಮರಳಿದಾಗ ಓಣಿಯವರು, ಏನೇನು ನೋಡಿದಿ ಎಂದು ಕೇಳಿದರಂತೆ. ನೀನು "ಏನೈತಿ ಅಲ್ಲಿ, ಬರೇ ಗಿಡ" ಅಂದೆಯಂತೆ. ಆ ಮಾತು ಏಳು ತಲೆ ನಮ್ಮ ಮನೆಯಲ್ಲಿ ಚೇಷ್ಟೆಯಾಗಿ ಉಳಿದಿದೆ. ಯಾರು ಎಲ್ಲಿಂದ ಬರಿಗೈಯಲ್ಲಿ ಬಂದರೂ "ಏನು ಕಂಡಿ? ಬರೇ ಗಿಡ?" ಎಂದು ನಗುತ್ತೇವೆ. ನಗುತ್ತಿದ್ದೆವು.

ಈಗಿನ ಕಾಲ ಹೇಗಿದೆ ಎಂದು ಹೇಳದಿದ್ದರೆ ಮುಂದಿನದು ನಿನಗೆ ತಿಳಿಯುವುದಿಲ್ಲ. ಹಗಲಿನಲ್ಲಿ ನಾವು ಬಯಲಿಗೆ ಬರುವುದು ಚಳಿಗಾಲದಲ್ಲಿ ಮಾತ್ರ. ಯುಗಾದಿ ದಾಟಿದರೆ ಮೇಲಿನ ಮನೆಯಲ್ಲಿ ಹಗಲು ಇರಲಾಗದು, ಹಗೇವಿಗೆ ಇಳಿಯುತ್ತೇವೆ. ಹಗೇವು ನಿನಗೆ ಗೊತ್ತೇ ಇದೆ, ನಿನ್ನ ಅತ್ತೆಯ ಕಾಲದಲ್ಲಿ ನೆಲ ತೋಡಿ ಜೋಳ ತುಂಬಿಡುತ್ತಿದ್ದರಲ್ಲ, ಅದೇ. ಅವರು ಜೋಳ ಇಟ್ಟಲ್ಲಿ ನಾವು ಮಕ್ಕಳನ್ನು ಇಡುತ್ತೇವೆ. ಮೇಲೆ ಬಂಡೆ ಮುಚ್ಚಿ, ಗಾಳಿಗೆ ಒಂದು ಕೊಳವೆ ಬಿಟ್ಟು, ಹೊತ್ತು ಮುಳುಗುವ ತನಕ ಕತ್ತಲಲ್ಲಿ ಕೂರುತ್ತೇವೆ. ಆ ಗಾಳಿ ಎಲ್ಲರಿಗೂ ಆಗಿಬರುವುದಿಲ್ಲ. ನನ್ನ ಮಗಳು ಈ ಕೂಸನ್ನು ಹೆತ್ತ ಬೇಸಿಗೆಯಲ್ಲೇ ಹಗೇವಿನಲ್ಲಿ ತೀರಿಕೊಂಡಳು. ಕೂಸಿನ ಹೆಸರು ನೀಲಾಂಬಿ, ಈಗ ಎಂಟು ವರುಷ. ತಾಯಿಯದೇ ಎದೆ. ಕಳೆದ ಬೇಸಿಗೆಯಲ್ಲಿ ಉಸಿರು ಸಿಗದೆ ಅವಳ ತುಟಿ ನೇರಳೆ ಹಣ್ಣಿನಂತಾಗಿತ್ತು. ಇನ್ನೊಂದು ಬೇಸಿಗೆ ಆ ಕೂಸು ಹಗೇವಿನಲ್ಲಿ ಕಳೆಯಲಾರದು ಎಂದು ವೈದ್ಯರು ನನಗೆ ನೇರವಾಗಿಯೇ ಹೇಳಿದ್ದಾರೆ.

ನೀನು ಬೆಂಗಳೂರು ಎಂದ ಪಟ್ಟಣವನ್ನು ನಾವು ದೊಡ್ಡ ನೆರಳು ಎನ್ನುತ್ತೇವೆ. ಊರ ಮೇಲೆಲ್ಲ ತಂಪುಮಾಡು ಹೊದಿಸಿದ್ದಾರೆ, ಬಿಸಿಲು ಅದರೊಳಗೆ ಸೋಸಿ ಬರುತ್ತದೆ. ವರುಷಕ್ಕೊಮ್ಮೆ ಚಳಿಗಾಲದ ಬಿಡುವಿನಲ್ಲಿ ಹಳ್ಳಿಯ ಒಂದು ಮಗು, ಜೊತೆಗೊಬ್ಬ ದೊಡ್ಡವರು, ಮೂರು ದಿನ ಒಳಗೆ ಇದ್ದು ನೋಡಿ ಬರಬಹುದು. ಅವರು ನಮ್ಮನ್ನೂ ನೋಡುತ್ತಾರೆ. ನಡೆ ನುಡಿ ಒಪ್ಪಿಗೆಯಾದರೆ ಮಗುವಿಗೆ ನೆರಳಿನ ಪಾಲು ಕೊಡುತ್ತಾರೆ. ಎಂದರೆ, ದೊಡ್ಡದಾಗುವ ತನಕ ಪ್ರತಿ ಬೇಸಿಗೆ ಅಲ್ಲೇ ಇರಬಹುದು. ಈ ಚಳಿಗಾಲದಲ್ಲಿ ನಾನು ನೀಲಾಂಬಿಯನ್ನು ಕರೆದೊಯ್ದದ್ದು ಪಟ್ಟಣ ನೋಡಲಿಕ್ಕಲ್ಲ, ಆ ಪಾಲಿಗೆ.

ಮೊದಲೆರಡು ದಿನ ಚೆನ್ನಾಗಿ ಹೋದವು. ಅವರ ಗಾಜಿನ ಬೀದಿ, ತಾನೇ ನಡೆಯುವ ಮೆಟ್ಟಿಲು, ಹಕ್ಕಿಗಳ ಧ್ವನಿ ಕೇಳಿಸುವ ಕೋಣೆ, ಎಲ್ಲ ತೋರಿಸಿದರು. ಹಕ್ಕಿಗಳಿರಲಿಲ್ಲ, ಧ್ವನಿ ಇತ್ತು. ನೀಲಾಂಬಿಗೆ ಅದಾವುದೂ ಬೇಕಿರಲಿಲ್ಲ. "ಆಯಿ, ನಮ್ಮ ಫೋಟೋದಾಗಿನ ಗಿಡ ಎಲ್ಲೈತಿ?" ಎಂದು ಜೀವ ತಿಂದಳು. ಆ ಮರ ಇನ್ನೂ ಇದೆ, ಸುವರ್ಣವ್ವಾ. ಸುತ್ತ ಸಾಲುಗಟ್ಟಿ ನಿಂತು ಜನ ನೋಡುತ್ತಾರೆ. ಬುಡದ ಸುತ್ತ ಬಯಲು ಮಣ್ಣು, ಪಟ್ಟಣದಲ್ಲಿ ನಾನು ಕಂಡ ಮಣ್ಣು ಅಷ್ಟೇ. ನಾವು ಅಲ್ಲಿಗೆ ಹೋದದ್ದು ಮೂರನೆಯ ದಿನ, ಎಳ್ಳ ಅಮಾಸೆ.

ಎಳ್ಳ ಅಮಾಸೆಗೆ ಭೂತಾಯಿ ಬಸುರಿ ಎಂದು ನೀನೂ ನಂಬಿದವಳು. ಹೊಲದಲ್ಲಿ ಅವಳಿಗೆ ಚರಗವೆಂದು ಬಯಕೆಯ ಊಟ ಚೆಲ್ಲಿ, ಆಮೇಲೆ ನಾವು ಉಣ್ಣಬೇಕು. ನಿನ್ನಿಂದ ನನ್ನ ತನಕ ಒಂದು ವರುಷವೂ ಅದು ತಪ್ಪಿಲ್ಲ. ಹೊಲ ನನ್ನಿಂದ ದೂರವಿತ್ತು, ಆದರೆ ಮಣ್ಣು ಎದುರಿಗೇ ಇತ್ತು. ಎಲ್ಲಿದ್ದರೂ ಭೂತಾಯಿ ಒಬ್ಬಳೇ ಅಲ್ಲವೇ? ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ ಬುತ್ತಿಯಲ್ಲಿದ್ದವು. ಮುರಿದು ಕಲಸಿ ನೀಲಾಂಬಿಯ ಕೈಗೆ ಕೊಟ್ಟೆ, ನಾನು ಗಿಂಡಿ ಹಿಡಿದು ಹಿಂದೆ ನಡೆದೆ. ಅವಳು ಮರದ ಸುತ್ತ ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿದಳು. ಎರಡು ಮಾತಿಗೊಮ್ಮೆ ಕೆಮ್ಮುವ ಕೂಸು ಆ ತಂಪು ಗಾಳಿಯಲ್ಲಿ ಎದೆ ತುಂಬ ಉಸಿರೆಳೆದು ಒಂದು ಸುತ್ತು ಪೂರ್ತಿ ಕೂಗಿದಳು. ನಾನು ನೀರು ಚಿಮುಕಿಸುವುದನ್ನು ಮರೆತು ಅದನ್ನೇ ಕೇಳುತ್ತ ನಿಂತೆ.

ಆ ಕೂಗಿಗೇ ಅವರು ಓಡಿಬಂದರು. ಮಣ್ಣುಗಾವಲಿನವರು ಎಂಬ ಕಾವಲುಗಾರರು, ಮುಂದಿದ್ದವಳು ನನ್ನ ಮಗಳ ವಯಸ್ಸಿನ ಹುಡುಗಿ.

"ಅಜ್ಜೀ, ಏನ್ ಮಾಡ್ತಿದ್ದೀರ? ಅದು ಮಣ್ಣು!"

"ಹೌದವ್ವಾ, ಮಣ್ಣು ಅಂತನ ಉಣ್ಣಸಾಕತ್ತೀನಿ."

"ಮಣ್ಣಿಗೆ ಆಹಾರ ನಾವು ಕೊಡ್ತೀವಿ. ಅಳೆದು ಕೊಡ್ತೀವಿ. ಹೊರಗಿನ ಒಂದು ಕಾಳೂ ಬೀಳೋ ಹಾಗಿಲ್ಲ."

"ಅಳದು ಕೊಟ್ರ ಅದು ಔಷಧ ಆಗ್ತೈತಿ ತಂಗಿ. ಬಸುರಿಗೆ ಊಟ ಬ್ಯಾಡೇನು?"

ಅವಳು ಕೆಟ್ಟವಳಲ್ಲ. ಅವಳ ಕಣ್ಣಲ್ಲಿ ನಿಜವಾದ ಅಂಜಿಕೆ ಇತ್ತು. ಹೊರಗಿನ ಕಾಳಿನಿಂದ ಒಮ್ಮೆ ರೋಗ ತಗುಲಿ ಅವರ ನೂರಾರು ಮರ ಹೋಗಿದ್ದವಂತೆ. ಆಮೇಲೆ ಗೊತ್ತಾಯಿತು. ನಾಲ್ಕು ಜನ ಮೊಣಕಾಲೂರಿ ಚಿಮಟಿಗೆಯಿಂದ ಒಂದೊಂದೇ ಅಗುಳು ಆರಿಸಿದರು. ಸಾಲಿನಲ್ಲಿದ್ದ ಪಟ್ಟಣದ ಒಂದು ಮಗು "ನಾನೂ ಹಾಕ್ಲಾ ಅಮ್ಮಾ?" ಎಂದಿತು, ಅದರ ತಾಯಿ ಅದರ ಕಣ್ಣು ಮುಚ್ಚಿದಳು. ಭೂತಾಯಿಯ ಬಾಯಿಂದ ತುತ್ತು ಕಸಿದದ್ದನ್ನು ನೀಲಾಂಬಿ ನಿಂತು ನೋಡಿದಳು. "ಆಯಿ, ಅಕಿ ಉಂಡಿದ್ಲೋ ಇಲ್ಲೋ?" ಎಂದು ಕೇಳಿದಳು.

ನನ್ನ ಅಂಗೈಗೆ ನೀಲಿ ಗುರುತು ಒತ್ತಿದರು. ಹನ್ನೆರಡು ವರುಷ ಆ ಊರಿನ ಬಾಗಿಲು ನನಗೆ ತೆರೆಯುವುದಿಲ್ಲ, ಬಾಗಿಲ ಬಳಿಯೂ ನಾನು ಸುಳಿಯುವಂತಿಲ್ಲ. ಅದಿರಲಿ. ಮಗುವಿಗೆ ಪಾಲಿಲ್ಲ ಎಂದರು. ಕಾಲು ಹಿಡಿದೆ. ಅಧಿಕಾರಿಯೊಬ್ಬರು ನನ್ನನ್ನು ಕೂರಿಸಿ, ತಪ್ಪಾಯಿತು ಎಂದು ಬರೆದು ಬೇಡಿಕೊಂಡರೆ ಮತ್ತೊಮ್ಮೆ ವಿಚಾರಿಸುತ್ತೇವೆ ಎಂದರು. ಬರೆದೆ. ಕೊರಳಲ್ಲಿ ಲಿಂಗ ಧರಿಸಿಕೊಂಡು, ತಾಯಿಗೆ ಉಣ್ಣಿಸಿದ್ದು ನನ್ನ ತಪ್ಪು ಎಂದು ಬರೆದೆ. ಆ ದಿನ ನಾನು ಉಣ್ಣಲಿಲ್ಲ, ಅವಳು ಉಣ್ಣದೆ ನಾನು ಹೇಗೆ ಉಣ್ಣಲಿ? ಈ ಸೋಮವಾರಗಳ ಒಪ್ಪತ್ತೂ ಅದಕ್ಕೇ.

ಸುವರ್ಣವ್ವಾ, ನಮ್ಮ ಅಂಗಳದಲ್ಲಿ ಒಂದು ಬೇವಿನ ಬೊಡ್ಡೆ ಇದೆ. ಎಲೆ ಉದುರಿ ಅಂಗಳ ಹೊಲಸಾಗುತ್ತದೆ ಎಂದು ನೀನೇ ಕಡಿಸಿದ್ದಂತೆ. ನಾನು ಅದರ ಮೇಲೆ ದಿನಾ ದೀಪ ಇಡುತ್ತೇನೆ. ದೀಪ ಇಡುವಾಗ ನಿನ್ನನ್ನು ಬೈಯುತ್ತೇನೆ, ಇದನ್ನು ನಾನು ಮುಚ್ಚಿಡುವುದಿಲ್ಲ. ನಿನ್ನ ಕೈಯಲ್ಲೂ ಮಗುವಿತ್ತು. ಯಾರನ್ನೂ ಕೇಳದೆ ಆ ಮರದ ಕೆಳಗೆ ನಿಂತೆ, ನಿನ್ನ ನಡೆ ನುಡಿಯನ್ನು ಯಾರೂ ತೂಗಲಿಲ್ಲ, ಮಿಠಾಯಿಯ ಚೂರು ಮಣ್ಣಿಗೆ ಬಿದ್ದರೆ ಯಾರೂ ಆರಿಸಲಿಲ್ಲ. ಮನೆಗೆ ಬಂದು ಬರೇ ಗಿಡ ಅಂದೆ. ಹಿರಿಯರ ಫೋಟೋ ಇಳಿಸಬಾರದು ಎಂದು ಇಳಿಸಿಲ್ಲ, ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದೇನೆ. ನೀನು ಮರಕ್ಕೆ ಮಾಡಿದ ಬೆನ್ನನ್ನು ನಾನು ನಿನಗೆ ಮಾಡಿದ್ದೇನೆ ಎಂದು ತಿಳಿ. ನೀಲಾಂಬಿ ಮಾತ್ರ ಆಗಾಗ ಅದನ್ನು ಈ ಕಡೆ ತಿರುಗಿಸುತ್ತಾಳೆ. ಅವಳಿಗೆ ಗಿಡ ಕಾಣಬೇಕಂತೆ.

ನಿನಗೆ ಇಷ್ಟೇ. ನಿನ್ನಿಂದ ಇನ್ನು ಆಗಬೇಕಾದದ್ದು ಏನೂ ಇಲ್ಲ.

ಮಠದಲ್ಲಿ ಇದನ್ನು ಓದುತ್ತಿರುವವರಿಗೆ, ಕುಳಿತು ಕೇಳುತ್ತಿರುವ ಶರಣರಿಗೆ ಈಗ ನನ್ನ ಬೇಡಿಕೆ. ನಾನು ತಪ್ಪಾಯಿತೆಂದು ಬರೆದುಕೊಟ್ಟ ಬಿನ್ನಹಕ್ಕೆ ಪಟ್ಟಣದವರು ಯುಗಾದಿಯ ಮುಂಚೆ ಉತ್ತರ ಬರೆದಿಡುತ್ತಾರೆ. ಅದನ್ನು ಹೊರಗೆ ಕಳಿಸುವುದಿಲ್ಲ, ದೊಡ್ಡ ನೆರಳಿನ ಉತ್ತರ ಬಾಗಿಲ ಕಿಟಕಿಯಲ್ಲಿ ಹೋಗಿ ಕೇಳಬೇಕು. ನನ್ನ ಅಂಗೈ ನೀವು ನೋಡಿದ್ದೀರಿ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ, ಡೋಣಿ ದಂಡೆಯ ನಿಂಬೆವ್ವನ ಉತ್ತರ ಕೊಡಿ ಎಂದು ಕೇಳಿ ತನ್ನಿರಿ. ದಾರಿಯಲ್ಲಿ ಒಡೆದು ನೋಡಬೇಡಿ. ಕೂಸಿನ ಎದುರು ಕೊಡಬೇಡಿ. ನಾನು ಹಿತ್ತಿಲಲ್ಲಿ ಇರುತ್ತೇನೆ, ಅಲ್ಲಿಗೆ ಬಂದು ಕೈಯಲ್ಲಿಡಿ. ಬೇಗ ತನ್ನಿರಿ ಯಪ್ಪಾ, ಹಗೇವಿನ ಬಂಡೆ ಸರಿಸುವ ದಿನ ದೂರವಿಲ್ಲ.