ನಿನ್ನ ಕಾರಿಗೆ ಸುಜಾತಾ ಆರಿಸಿದ ಚಿಪ್

ದೋಸ್ತ ಮರಿಯಪ್ಪ ಮಾಸ್ತರನಿಗೆ, ಹುಸೇನಪ್ಪ ಬರೆಯುವುದು.

ಕ್ಷೇಮ ಗೀಮ ಕೇಳುವುದಿಲ್ಲ. ನೀನು ಹೋಗಿ ಎರಡು ವರ್ಷವಾದ ಮೇಲೆ ಅದನ್ನು ಕೇಳಿ ಏನು ಮಾಡಲಿ? ನಾಲ್ಕನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನ ಕಾಗದ ಇದು, ತಪ್ಪು ಕಂಡರೆ ಕೆಂಪು ಪೆನ್ನು ಹುಡುಕಬೇಡ. ವಿಷಯ ನಿನ್ನ ಕಾರಿನದು, ನಿನ್ನ ಮಗಳದು. ನಡುವೆ ನಾನೊಂದು ತಪ್ಪು ಮಾಡಿದೆ. ಅದನ್ನೂ ಹೇಳುತ್ತೇನೆ. ನಾನು ಮುಗಿಸುವವರೆಗೆ ಬಾಯಿ ಹಾಕಬೇಡ.

ಆ ಕಾರು ಸಿಂಧನೂರಿಗೆ ಬಂದ ದಿನ ನೆನಪಿದೆಯಾ? ಹೈದರಾಬಾದಿನಲ್ಲಿ ಅಕ್ಕಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯ ಮೇಲೆ ಹಗ್ಗ ಬಿಗಿದು ನೀನು ತಂದಿದ್ದೆ. ಎರಡೇ ಬಾಗಿಲು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಂಥ ಕೆಂಪು ವಿಲಾಯತಿ ಸ್ಪೋರ್ಟ್ಸ್ ಕಾರು. ಆಗಲೇ ಅದಕ್ಕೆ ಹದಿನೆಂಟು ವರ್ಷ. ಇಳಿಸುವುದು ಹೇಗೆಂದು ತಿಳಿಯದೆ ಲಾರಿಯನ್ನು ಕಾಲುವೆಯ ಏರಿಗೆ ಹಿಮ್ಮುಖವಾಗಿ ನಿಲ್ಲಿಸಿ, ಹಲಗೆ ಹಾಕಿ ಉರುಳಿಸಿಕೊಂಡೆವು. "ಸಾಲಿ ಮಾಸ್ತರಗ ಇಂಥಾ ಗಾಡಿ ಯಾಕ ಬೇಕೋ?" ಎಂದು ಎಲ್ಲರೆದುರು ನಾನೇ ಕೇಳಿದ್ದೆ. "ಯಾಕ, ನಮ್ಮಂಥೋರು ಬರೀ ಹಿಂದಿನ ಸೀಟಿನ್ಯಾಗ ಕುಂದ್ರಬೇಕೇನು?" ಎಂದೆ ನೀನು. ಆಮೇಲೆ ಆ ಪ್ರಶ್ನೆಯನ್ನು ನಾನು ಇನ್ನೊಮ್ಮೆ ಕೇಳಲಿಲ್ಲ. ಬೇರೆಯವರಿಗೂ ಕೇಳಗೊಡಲಿಲ್ಲ.

ಆಸ್ಪತ್ರೆಯ ಮಂಚದ ಮೇಲೆ ನೀನು ನನ್ನ ಕೈ ಹಿಡಿದು ಹೇಳಿದ್ದು ಎರಡೇ ಮಾತು. "ಹುಸೇನ್ಯಾ, ಗುಜರಿಗೆ ಹಾಕಬ್ಯಾಡ. ಸುಜಾತಾ ಓಡಸ್ಲಿ." ಓಡಿಸಿದಳು. ಲಿಂಗಸುಗೂರಿನ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ನಿನ್ನ ಮಗಳು ವಾರಕ್ಕೆರಡು ದಿನವಾದರೂ ಬಸ್ಸು ಬಿಟ್ಟು ಅದರಲ್ಲೇ ಹೋಗುತ್ತಿದ್ದಳು. ಹೋದ ವರ್ಷ ದೀಪಾವಳಿ ಮುಗಿದ ವಾರ ಅದು ಮಸ್ಕಿಯಲ್ಲಿ ನಿಂತುಬಿಟ್ಟಿತು. ಶಾಸನದ ಗುಡ್ಡದ ಹತ್ತಿರ ನೀನು ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದೆಯಲ್ಲ, ಅಲ್ಲೇ. ಟ್ರ್ಯಾಕ್ಟರಿಗೆ ಕಟ್ಟಿ ನನ್ನ ಶೆಡ್ಡಿಗೆ ಎಳೆದು ತಂದೆವು. ನಿನ್ನ ಹೆಂಡತಿ ಭಾಗಮ್ಮ ಬಂದು ನೋಡಿ ಖಡಾಖಂಡಿತ ಹೇಳಿದಳು: "ಹುಸೇನಪ್ಪಣ್ಣ, ಇದೊಂದು ಸಲ ರಿಪೇರಿ ಮಾಡ್ರಿ. ಮತ್ತ ಎಂಜಿನ್ ಕೆಟ್ಟು ನನ್ನ ಮಗಳು ದಾರ್ಯಾಗ ನಿಂತ್ಲಂದ್ರ ಗುಜರಿಯವ್ರನ್ನ ನಾನ ಕರೀತೀನಿ." ಆ ಎಂಜಿನ್ ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಆಕೆಗೂ ಗೊತ್ತು, ನನಗೂ ಗೊತ್ತು. ನಿನಗೆ ಕೊಟ್ಟ ಮಾತು ಆ ಒಂದು ಎಂಜಿನ್ನಿನ ಮೇಲೆ ನಿಂತಿತು.

ಸುಜಾತಾ ಸೀಟಿನ ಕೆಳಗಿನ ಕಂಪ್ಯೂಟರ್ ಡಬ್ಬಿಯನ್ನು ಬಿಚ್ಚಿ ಕೂತ ದಿನ ನಾನು ನಕ್ಕಿದ್ದೆ. ಜರಿಹುಳದಂತೆ ಎರಡೂ ಕಡೆ ಕಾಲಿರುವ ಒಂದು ಕರಿ ಚಿಪ್ ಎತ್ತಿ ತೋರಿಸಿದಳು. "ಎಂಜಿನ್ನಿನ ಟೈಮ್‌ಟೇಬಲ್ ಇದ್ರಾಗ ಐತಿ ಕಾಕಾ. ಯಾವ ವೇಗಕ್ಕ ಎಷ್ಟು ಪೆಟ್ರೋಲ್, ಯಾವ ಗಳಿಗ್ಯಾಗ ಕಿಡಿ, ಎಲ್ಲಾ. ವಯಸ್ಸಾಗಿ ಮರ್ತು ಬಿಟ್ಟೈತಿ." ಕಂಪನಿಯವರು ಆ ಚಿಪ್ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಹೊರಗಿನವರು ಮಾಡಿದ್ದು ಮಾತ್ರ ಸಿಗುತ್ತದೆ. ಅವರೆಲ್ಲ ಬರೀ ರಿಪೇರಿಯ ಚಿಪ್ ಮಾರುವುದಿಲ್ಲ, ಕಾರಿನ ಜೋರು ಹೆಚ್ಚಿಸುವ ಚಿಪ್ ಮಾರುತ್ತಾರೆ. ಯಾರ ಚಿಪ್ ತರಬೇಕು ಎನ್ನುವುದರ ಮೇಲೆ ನಮ್ಮಿಬ್ಬರ ಜಗಳ ಶುರುವಾಯಿತು.

ಮುಂಬೈಯವನೊಬ್ಬನಿಗೆ ಆಕೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ನಲವತ್ತು ಕುದುರೆ ಶಕ್ತಿ ಹೆಚ್ಚು ಕೊಡುತ್ತೇನೆ ಎಂದ. ನನಗೆ ಅಲ್ಲೇ ಮನಸ್ಸು ಬಂತು. ನನ್ನ ಕಸುಬು ನಿನಗೆ ಗೊತ್ತಲ್ಲ. ಜವಳಗೇರಾ, ವಳಕಮದಿನ್ನಿ ಕಡೆಯಿಂದ ಗದ್ದೆ ಹದ ಮಾಡುವ ಕಾಲಕ್ಕೆ ಟ್ರ್ಯಾಕ್ಟರ್ ತಂದು "ಕಾಕಾ, ಕೆಸರಿನ್ಯಾಗ ಎಳೀವಲ್ದು, ಅರ್ಧ ಸುತ್ತು ಏರಸು" ಅನ್ನುತ್ತಾರೆ. ಡೀಸೆಲ್ ಪಂಪಿನ ಸ್ಕ್ರೂ ಅರ್ಧ ಸುತ್ತು ತಿರುವುತ್ತೇನೆ, ಕರಿ ಹೊಗೆ ಬರುತ್ತದೆ, ಎಳೆಯುತ್ತದೆ, ಮುಗಿಯಿತು. ಚಿಪ್ ಅಂದರೆ ಇನ್ನೇನು, ಅದೂ ಒಂದು ಸ್ಕ್ರೂ ಎಂದುಕೊಂಡೆ. ನಿನ್ನ ಮಗಳೋ, ಅವನಿಗೆ ಪಾಟೀಸವಾಲು ಹಾಕಿದಳು. ಯಾವ ಪೆಟ್ರೋಲಿಗೆ ಮಾಡಿದ್ದು? ಎಷ್ಟು ಬಿಸಿಲಿನಲ್ಲಿ ಓಡಿಸಿ ನೋಡಿದ್ದು? ನಮ್ಮ ಕಾರಿಗೆ ಹೊಂದದಿದ್ದರೆ ತಿದ್ದಿ ಕೊಡುತ್ತೀರಾ? "ಎಲ್ಲಾ ಕಾರಿಗೂ ಬರುತ್ತೆ ಮೇಡಂ" ಎನ್ನುವುದೊಂದೇ ಅವನ ಉತ್ತರ. ಆಕೆ ಫೋನ್ ಇಟ್ಟಳು.

"ಕನ್ಯಾ ನೋಡಾಕ ಹೊಂಟೀ ಏನ್ ಬೇ, ಇಷ್ಟು ಪ್ರಶ್ನಿ?" ಎಂದೆ.

"ಕನ್ಯಾ ಸಿಗ್ತಾಳ ಕಾಕಾ. ಈ ಪಿಸ್ಟನ್ ಸಿಗಂಗಿಲ್ಲ" ಎಂದಳು.

ಇಂಥ ನಾಲಿಗೆ ಯಾರದು? ನಿನ್ನದೇ.

ಒಂದು ಭಾನುವಾರ ಆಕೆಗೆ ಪರೀಕ್ಷೆಯ ಡ್ಯೂಟಿ ಇತ್ತು. ಇಲ್ಲಿ ನನ್ನ ತಪ್ಪು ಬರುತ್ತದೆ, ಕೇಳು. ಆಕೆಗೆ ಹೇಳದೆ ಮುಂಬೈಯವನಿಂದ ಆ ಚಿಪ್ ತರಿಸಿಕೊಂಡಿದ್ದೆ. ಕೂರಿಸುವುದು ಐದು ನಿಮಿಷದ ಕೆಲಸ. ಜವಳಗೇರಾ ರಸ್ತೆಗೆ ಹೊರಟೆ. ಮಾಸ್ತರ, ಏನು ಹೇಳಲಿ... ಪೆಡಲಿನ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಏರಿನಲ್ಲಿ ಒತ್ತಿದಾಗ ಒಳಗಿನಿಂದ ಕಟಕಟ ಎಂದು ಒಂದು ಸದ್ದು ಬಂತು, ಡಬ್ಬಿಯಲ್ಲಿ ಜೋಳ ಹಾಕಿ ಅಲುಗಿಸಿದ ಹಾಗೆ. ನಲವತ್ತೈದು ವರ್ಷ ಡೀಸೆಲ್ ಎಂಜಿನ್ನಿನ ಬಡಿತ ಕೇಳಿದ ಕಿವಿ ನನ್ನದು. ಡೀಸೆಲ್ ಬಡಿಯುವುದೇ ಹಾಗೆ. ಬಡಿತ ಇದ್ದರೆ ಗಟ್ಟಿ ಎಂದು ಲೆಕ್ಕ. ಇದಕ್ಕೂ ಈಗ ಗಂಡಸಿನ ದನಿ ಬಂತು ಎಂದು ಹಿಗ್ಗಿದೆ.

ಸಂಜೆ ಆಕೆ ಬಂದ ಕೂಡಲೇ ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಗೆ ಹೋದೆ. ಸದ್ದು ಶುರುವಾದದ್ದೇ ಆಕೆ ನನ್ನ ತೋಳು ಹಿಡಿದಳು.

"ಕಾಕಾ, ಕಾಲು ತಗಿ."

"ಇನ್ನೂ ಐತಿ ನೋಡು ತಡಿ."

"ಕಾಲು ತಗಿ ಅಂದೆ."

ನನ್ನೊಂದಿಗೆ ಹಾಗೆ ಮಾತಾಡಿದವರು ಕಡಿಮೆ. ತೆಗೆದೆ. ಗಾಡಿಯನ್ನು ಬದಿಗೆ ಹಾಕಿಸಿ, ಎಂಜಿನ್ ತಣ್ಣಗಾಗುವವರೆಗೆ ಕಾದಳು. ಆಮೇಲೆ ಸ್ಪಾರ್ಕ್ ಪ್ಲಗ್ ಒಂದನ್ನು ಬಿಚ್ಚಿ ನನ್ನ ಕೈಗಿಟ್ಟಳು. ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿ ಪುಡಿ ಉದುರಿಸಿದಂತೆ ಸಣ್ಣ ಸಣ್ಣ ಚುಕ್ಕೆ. ಡೀಸೆಲ್ ಎಂಜಿನ್ನಿಗೆ ಪ್ಲಗ್ ಇರುವುದಿಲ್ಲ, ನನಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. "ಏನಿದು?" ಎಂದೆ. "ಅಪ್ಪನ ಪಿಸ್ಟನ್" ಎಂದಳು. "ಕರಗಿ ಇಲ್ಲಿ ಬಂದು ಕುಂತೈತಿ."

ತಂಪು ದೇಶದ ಒಳ್ಳೆಯ ಪೆಟ್ರೋಲಿಗೆ ಬರೆದ ಚಿಪ್ ಅದು. ನಮ್ಮ ಪಂಪಿನ ಪೆಟ್ರೋಲಿಗೆ, ನಮ್ಮ ಬಿಸಿಗೆ ಆ ಕಿಡಿ ತೀರ ಮೊದಲೇ ಬೀಳುತ್ತಿತ್ತು. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಒಳಗಿನ ಅನಿಲ ಸಿಡಿದು ಅದರ ತಲೆಗೆ ಹೊಡೆಯುತ್ತಿತ್ತು. ಇದನ್ನೆಲ್ಲ ಆಕೆ ರಸ್ತೆಯ ಬದಿಯಲ್ಲೇ ಬಿಡಿಸಿ ಹೇಳಿದಳು. ಕೊನೆಗೆ, "ನಿನ್ನಂಗ ಕಾಕಾ. ಮಂದಿ ಮಾತು ಮುಗಿಸೂದ್ರೊಳಗ ಸಿಡೀತೈತಿ" ಎಂದಳು. ಬೇರೆ ಯಾರಾದರೂ ಆ ಮಾತು ಅಂದಿದ್ದರೆ... ಬಿಡು. 

ಮರುದಿನ ಮುಂಜಾನೆ ಶೆಡ್ಡಿನಲ್ಲಿ ಕಂಪ್ರೆಶನ್ ಪರೀಕ್ಷೆ ಮಾಡಿದೆವು. ಪ್ಲಗ್ಗಿನ ತೂತಿಗೆ ಗೇಜ್ ಹಿಡಿದು ಎಂಜಿನ್ ತಿರುಗಿಸಿದರೆ ಒಳಗೆ ಸೋರಿದೆಯೋ ಇಲ್ಲವೋ ಎಂದು ಮುಳ್ಳು ಹೇಳುತ್ತದೆ. ನಾನು ಗೇಜ್ ಹಿಡಿದೆ, ಆಕೆ ಕೀಲಿ ತಿರುಗಿಸಿದಳು. ಇರುವ ನಾಲ್ಕು ಸಿಲಿಂಡರಿನಲ್ಲಿ ಮೊದಲನೆಯದು ಸರಿ. ಎರಡು, ಮೂರು ಸರಿ. ನಾಲ್ಕನೆಯದಕ್ಕೆ ಗೇಜ್ ಇಡುವ ಮೊದಲು ಅದರ ಗಾಜನ್ನು ಎರಡು ಸಲ ಒರೆಸಿದೆ. ಭಾಗಮ್ಮ ಬಾಗಿಲಲ್ಲಿ ನಿಂತಿದ್ದಳು. ಮುಳ್ಳು ಏರಿತು, ಏರಿತು, ಉಳಿದ ಮೂರು ನಿಂತಲ್ಲೇ ಬಂದು ನಿಂತಿತು. ಗೇಜನ್ನು ಭಾಗಮ್ಮನತ್ತ ತಿರುಗಿಸಿ ತೋರಿಸಿದೆ. ಇನ್ನೊಂದು ದಿನ ಓಡಿಸಿದ್ದರೆ ನಿನಗೆ ಯಾವ ಮುಖ ಇಟ್ಟುಕೊಂಡು ಬರೆಯುತ್ತಿದ್ದೆ?

ಆಮೇಲೆ ಸುಜಾತಾ ಆರಿಸಿದ್ದು ಪುಣೆಯ ಒಬ್ಬನನ್ನು. ಅವನ ಚಿಪ್ ಕೊಡುವ ಶಕ್ತಿ ಮುಂಬೈಯವನದರ ಅರ್ಧವೂ ಇಲ್ಲ. "ಯಾಕ ಇವನು?" ಎಂದು ಕೇಳಿದೆ, ಈ ಸಲ ಮೆಲ್ಲಗೆ. "ಮಾರೂಕಿಂತ ಮೊದಲ ಅವನೇ ನಂಗ ಪ್ರಶ್ನಿ ಕೇಳ್ದ ಕಾಕಾ" ಎಂದಳು. ನಿಮ್ಮಲ್ಲಿ ಯಾವ ಪೆಟ್ರೋಲ್ ಸಿಗುತ್ತದೆ, ಬೇಸಿಗೆಯ ಬಿಸಿ ಎಷ್ಟು, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಎಷ್ಟು ಹಳೆಯದು, ದಾರಿಯಲ್ಲಿ ಏರು ಎಲ್ಲಿದೆ ಎಂದೆಲ್ಲ ಕೇಳಿದನಂತೆ. ಮೊದಲ ಚಿಪ್ ಹಾಕಿ ಓಡಿಸಿರಿ, ಎಂಜಿನ್ ಹೇಗೆ ಓಡಿತು ಎಂಬ ಲೆಕ್ಕ ಕಳಿಸಿರಿ, ಅದನ್ನು ನೋಡಿ ತಿದ್ದಿ ಕೊಡುತ್ತೇನೆ ಎಂದನಂತೆ. ಜೋರು ಎಷ್ಟು ಎಂದು ನೋಡುವವನು ನಾನು. ಕೊಡುವವನಿಗೆ ನಮ್ಮ ಊರು ಗೊತ್ತಿದೆಯೇ ಎಂದು ನೋಡುವವಳು ಆಕೆ.

ಏಪ್ರಿಲ್ ತಿಂಗಳಿಡೀ ಮಧ್ಯಾಹ್ನದ ಉರಿಯಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ತಿರುಗಿದೆವು. ಆಕೆ ಗಾಡಿ ಓಡಿಸುವುದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಕೂರುವುದು. ಅದರಲ್ಲಿ ಏನು ಬರುತ್ತದೋ ನನಗೇನು ಗೊತ್ತು? ಕಿವಿ ಕೊಟ್ಟು ಕೂತೆ. ಆ ಕಟಕಟ ಈಗ ನನಗೆ ಬೇರೆಯಾಗಿ ಕೇಳುತ್ತಿತ್ತು. ಮಸ್ಕಿ ದಾಟಿದ ಮೇಲಿನ ಏರಿನಲ್ಲಿ ಒಂದು ದಿನ, ಒಂದೇ ಒಂದು ಕಾಳು ಉರುಳಿದಷ್ಟು ಸದ್ದು. "ಬಂತು" ಎಂದೆ. "ನಂಗ ಕೇಳಿಸ್ಲಿಲ್ಲ" ಎಂದಳು. ಸಂಜೆ ಲ್ಯಾಪ್‌ಟಾಪಿನ ಲೆಕ್ಕ ತೆಗೆದು ನೋಡಿದರೆ ಅದೇ ಏರು, ಅದೇ ಗಳಿಗೆ. ಪುಣೆಯವನು ಕಿಡಿಯನ್ನು ಅಷ್ಟೇ ಅಷ್ಟು ತಡಮಾಡಿ ಹೊಸ ಚಿಪ್ ಬರೆದು ಕಳಿಸಿದ. "ಕಾಕಾನ ಕಿವಿ ಕಂಪ್ಯೂಟರಿಗಿಂತ ಚಲೋ ಐತಿ" ಎಂದು ಆಕೆ ಭಾಗಮ್ಮನೆದುರು ಹೇಳಿದ್ದನ್ನು ನಾನು ಕೇಳಿಸಿಕೊಳ್ಳದವನಂತೆ ಕೂತಿದ್ದೆ.

ಈಗ ಕಾರು ದಿನಾ ಓಡುತ್ತಿದೆ. ಹಾರುವುದಿಲ್ಲ, ಆದರೆ ನೀನು ಓಡಿಸುತ್ತಿದ್ದ ಕಾಲಕ್ಕಿಂತ ಚುರುಕಾಗಿದೆ. ಬೇಸಿಗೆ ಕಳೆಯಿತು. ಪ್ಲಗ್ ತೆಗೆದು ನೋಡಿದರೆ ತಿಳಿ ಕಂದು ಬಣ್ಣ, ಒಂದು ಚುಕ್ಕೆಯೂ ಇಲ್ಲ. ಭಾಗಮ್ಮ ಗುಜರಿಯವರ ಮಾತು ಬಿಟ್ಟಿದ್ದಾಳೆ. ಮೊನ್ನೆ ಮುಂದಿನ ಸೀಟಿನಲ್ಲಿ ಕೂತು ಮಗಳೊಂದಿಗೆ ಲಿಂಗಸುಗೂರಿಗೆ ಹೋಗಿ ಬಂದಳು.

ಹೋದ ವಾರ ಮುದಗಲ್ಲಿನಿಂದ ಒಬ್ಬರು ತಮ್ಮ ಹಳೆಯ ಕಾರು ತಂದಿದ್ದರು. ಚಿಪ್ ಹಾಕಿಸಬೇಕಂತೆ, ನನ್ನ ಹೆಸರು ಕೇಳಿಕೊಂಡು ಬಂದಿದ್ದರು. "ಕುಂದರ್ರಿ, ಮೇಡಂ ಕಾಲೇಜಿನಿಂದ ಬರ್ತಾರ" ಎಂದೆ. ಒಂದು ತಾಸು ಕಾದರು. ಸುಜಾತಾ ಬಂದವಳೇ ಬಾನೆಟ್ ಎತ್ತಿ ಒಳಗೆ ತಲೆ ಹಾಕಿ ಪ್ರಶ್ನೆ ಶುರು ಮಾಡಿದಳು. ಅವರು ನನ್ನ ಹತ್ತಿರ ಬಗ್ಗಿ, "ಈ ಅಕ್ಕೋರು ಯಾರ್ರಿ, ನಿಮ್ಮ ಮಗಳೇನು?" ಎಂದು ಕೇಳಿದರು.

"ಅಲ್ರಿ" ಎಂದೆ. "ನಮ್ಮ ಉಸ್ತಾದ್."

ಅವರು ನಕ್ಕರು. ನಾನು ನಗಲಿಲ್ಲ. ಬಾನೆಟ್ಟಿನೊಳಗಿದ್ದ ಆಕೆಗೆ ಅದು ಕೇಳಿಸಲಿಲ್ಲ. ಎದುರಿಗೆ ನಿಲ್ಲಿಸಿಕೊಂಡು ಹೇಳುವವನೂ ನಾನಲ್ಲ. ಆದರೂ ಒಬ್ಬರಿಗಾದರೂ ತಿಳಿದಿರಲಿ ಎಂದು ನಿನಗೆ ಬರೆದೆ.

ಹುಸೇನಪ್ಪ